ಎಡಗಡೆಯ ಕ್ಲಿಪ್ಪು

ಶುಕ್ರವಾರ. ಸೋಹಾರಿನ ಸನಯ್ಯಾದಲ್ಲಿ ಶಟರುಗಳೆಲ್ಲ ಕೆಳಗೆ.
ನಮ್ಮದು ಮಾತ್ರ ಮೊಣಕಾಲಷ್ಟು ಮೇಲೆ,
ಗಾಳಿಗೆ, ಬೆಕ್ಕಿಗೆ, ನನಗೆ.

ಪ್ಲಗ್ಗು ಕಿತ್ತು ಕಣ್ಣಿಗೆ ಕಾಣುವಂತೆ ಸ್ಟೂಲಿನ ಮೇಲಿಟ್ಟಿದ್ದೇನೆ.
ಇದು ನನಗೆ ನಾನೇ ಮಾಡಿಕೊಂಡ ಕಾನೂನು.
ಮುಚ್ಚಳ ಎತ್ತಿದರೆ ಉರುಳೆ,
ಅದರ ಮೈಗೆ ಸುರುಳಿ ಸುತ್ತಿದ ಉಪ್ಪುಕಾಗದ.
ನಮ್ಮ ಕಡೆ ಹಾಗೇ ಹೆಸರು.
ಅಪ್ಪ ಅಂಗಡಿಯಲ್ಲಿ 'ಎರಡು ಹಾಳೆ ಉಪ್ಪು ಕೊಡಿ' ಅನ್ನುತ್ತಿದ್ದ,
ಕಾಗದ ಅನ್ನುವುದೂ ಅವನಿಗೆ ದುಂದು.

ಹೊರಗೆ ಇಷ್ಟೊಂದು ಮರಳಿದೆಯಲ್ಲ ಮಾರಾಯ,
ಈ ಡಬ್ಬದ ಕಾಗದ ಕಡಲು ದಾಟಿ ಯಾಕೆ ಬರಬೇಕು
ಎಂದು ಹೊಸತರಲ್ಲಿ ಕೇಳಿದ್ದೆ.
ಶಂಸುಕ್ಕ ನಕ್ಕಿದ್ದ:
ಇಲ್ಲಿಯ ಮರಳು ಗುಂಡಗೆ, ಮೂಲೆಗಳನ್ನೆಲ್ಲ ಗಾಳಿ ತಿಂದಿದೆ.
ಹಲ್ಲಿಲ್ಲದ್ದು ಮರವನ್ನು ಹೇಗೆ ಕಚ್ಚೀತು?

ಮೂರು ವಾರದಿಂದ ಬಾಗಿಲುಗಳ ಮೇಲೆ ಗೆರೆ.
ಕೂದಲಷ್ಟು ಸಣ್ಣ, ಸುಟ್ಟ ಕಾಫಿಯ ಬಣ್ಣ,
ಎಡ ಅಂಚಿನಿಂದ ನಾಲ್ಕು ಬೆರಳು ಒಳಗೆ,
ತೇಗಕ್ಕೂ ಮೆರಂಟಿಗೂ ಭೇದವಿಲ್ಲ.
ವಿಲ್ಲಾಕ್ಕೆ ಹೋದ ಹದಿನೇಳರಲ್ಲಿ ಒಂಬತ್ತು ವಾಪಸ್ಸು.
ಸುಗತನ್ ಸಾರ್ ಫೋನಿನ ಟಾರ್ಚು ಹಿಡಿದು
ಗೆರೆಯನ್ನಲ್ಲ, ನನ್ನನ್ನೇ ನೋಡುತ್ತಾರೆ.

ಗೊತ್ತಿದ್ದದ್ದೆಲ್ಲ ಮಾಡಿದೆ.
ಕಾಗದದ ಹಲ್ಲಿನ ಸಂದಿಯ ಅಂಟನ್ನು ರಬ್ಬರಿನ ಕಡ್ಡಿಯಿಂದ ಕೆದಕಿದೆ.
ಬೇರಿಂಗಿಗೆ ಎರಡೇ ಪಂಪು ಗ್ರೀಸು; ಹೆಚ್ಚಾದರೆ ಅದೂ ಉಗುಳುತ್ತದೆ.
ಒಂದೇ ತುಂಡಿನಿಂದ ಕೊಯ್ದ ಎರಡು ಅವಳಿ ಕಟ್ಟಿಗೆ
ಉರುಳೆಯಡಿ ಆ ತುದಿಗೊಂದು ಈ ತುದಿಗೊಂದು ಇಟ್ಟು ಮಟ್ಟ ನೋಡಿದೆ.
ಬಲಕ್ಕೆ ಸರಿಯುವ ಪಟ್ಟಿಗೆ ಬೋಲ್ಟು ಕಾಲು ಸುತ್ತು,
ಆಮೇಲೆ ಸುಮ್ಮನೆ ಕಾಯಬೇಕು,
ಪಟ್ಟಿಗೆ ಮಾತು ತಡವಾಗಿ ಕೇಳಿಸುತ್ತದೆ.
ಕಡಲ ಗಾಳಿ ಮೇಜಿಗೆ ತಂದಿಟ್ಟ ತುಕ್ಕು ಉಜ್ಜಿ ಮೇಣ ಹಚ್ಚಿದೆ.
ಧೂಳಿನ ಚೀಲ ಕೊಡವುವಾಗ ಸೀನಿದ್ದಕ್ಕೆ
ಬೆಕ್ಕು ಹೊರಗೋಡಿತು.

ಗೆರೆ ಹೋಗಲಿಲ್ಲ.

ಆಗ ಕಂಡದ್ದು, ಮುಚ್ಚಳದ ಒಳಮೈಯಲ್ಲಿ,
ಸೀಸದಕಡ್ಡಿಯ ಬರಹ. ಮೂರು ಕೈ, ಮೂರು ಲಿಪಿ.
ಮಲಯಾಳದ್ದು ಶಂಸುಕ್ಕ ಓದಿದ: ಕಾಗದ ಬದಲಿಸಿದ ತಾರೀಕು.
ಉರ್ದುವಿನದು ಒಂದು ಫೋನ್ ನಂಬರು, ಒಂದು ಬೈಗುಳ.
ಮೂರನೆಯದು ತಲೆಗೆ ಗೆರೆ ಎಳೆದ ಅಕ್ಷರ,
ಬಟ್ಟೆ ಒಣಹಾಕಿದ ಹಗ್ಗದಂತೆ.
ಫೋಟೊ ತೆಗೆದು ಕೆಫೆಟೇರಿಯಾಕ್ಕೆ ಹೋದೆ.

ಜುನಾಯೆದ್ ಪರೋಟದ ಹಿಟ್ಟಿನ ಕೈಯನ್ನು ತೊಡೆಗೆ ಒರೆಸಿ,
ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ,
ನಮ್ಮ ಕಡೆಯವನೇ ಅಂದ, ಬರಹದಲ್ಲೇ ಗೊತ್ತಾಗುತ್ತದೆ.
ಆಮೇಲೆ ಓದಿದ, ನಿಧಾನವಾಗಿ, ಹಿಂದಿಯಲ್ಲಿ:
'ಎಡಗಡೆ ಕ್ಲಿಪ್ಪು ಸುಳ್ಳ.
ಬಿಗಿಯಾಗಿದ್ದೇನೆ ಅನ್ನುತ್ತದೆ. ನಂಬಬೇಡ.'

ಹೆಸರಿಲ್ಲ.
ತೊಫಾಯಿಲ್ ಇರಬೇಕು, ಅಂದ ಶಂಸುಕ್ಕ.
ವೀಸಾ ಮುಗಿದು ಹೋದ. ಇಲ್ಲ, ಸಲಾಲಾಕ್ಕೆ ಹೋದ.
ಎತ್ತರಕ್ಕಿದ್ದ. ಅಥವಾ ಅದು ಬೇರೆಯವನೋ.
ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಅನ್ನುತ್ತಾರೆ;
ಉಪ್ಪುಕಾಗದ ಸುತ್ತಿಟ್ಟು ಹೋದವರನ್ನು?

ಕ್ಲಿಪ್ಪು ಬಿಚ್ಚಿದೆ. ಸ್ಪ್ರಿಂಗು ಸೋತಿತ್ತು.
ಅದರ ಕೆಳಗೆ ಮಡಚಿ ತುರುಕಿದ ಬೆಂಕಿಕಡ್ಡಿ,
ಸವೆದು ಚಪ್ಪಟೆಯಾಗಿ, ಇನ್ನೂ ದುಡಿಯುತ್ತ.
ಅದು ಸೋತಾಗೆಲ್ಲ ಕಾಗದ ಸಡಿಲಾಗಿ
ಅಂಚು ಅಂಚಿನ ಮೇಲೆ ಹತ್ತಿ ಮರವನ್ನು ಸುಡುತ್ತಿತ್ತು.
ಹಳೆಯ ಬೀಗವೊಂದರ ಸ್ಪ್ರಿಂಗು ಕಿತ್ತು ಹಾಕಿದೆ.
ಬೆಂಕಿಕಡ್ಡಿಯನ್ನು ಎಸೆಯಲಾಗಲಿಲ್ಲ,
ಅಂಗಿಯ ಜೇಬಿನಲ್ಲಿದೆ.

ಹಲಗೆಯ ತುಂಬ ಅಡ್ಡಾದಿಡ್ಡಿ ಗೀಚಿದೆ, ಮಗು ಗೀಚಿದ ಹಾಗೆ.
ಪ್ಲಗ್ಗು ಹಾಕಿ, ಕೂದಲೆಳೆಯಷ್ಟು ಇಳಿಸಿ, ಒಳಗೆ ಬಿಟ್ಟೆ.
ಆ ಕಡೆಯಿಂದ ಬಂದ ಹಲಗೆಯಲ್ಲಿ ಗೀಚು ಒಂದೂ ಇಲ್ಲ,
ಎಡಗಡೆ ನಾಲ್ಕು ಬೆರಳಿನ ಜಾಗದಲ್ಲೂ ಇಲ್ಲ.
ಅಂಗೈ ಇಟ್ಟೆ. ಬೆಚ್ಚಗಿತ್ತು, ಜ್ವರ ಬಿಟ್ಟ ಹಣೆ.

ಸೀಸದಕಡ್ಡಿ ಕೈಯಲ್ಲೇ ಇತ್ತು.
ಅವನ ಸಾಲಿನ ಕೆಳಗೆ ತಾರೀಕು ಹಾಕಿ
ಕನ್ನಡದಲ್ಲಿ 'ಹೌದು' ಎಂದು ಬರೆದೆ.
ಮುಂದೆ ಬರುವವನಿಗೆ ಇದನ್ನು ಯಾರು ಓದಿ ಹೇಳುತ್ತಾರೆ?
ಅದಕ್ಕೇ ಪಕ್ಕದಲ್ಲಿ ಒಂದು ಎಡಗೈ ಬಿಡಿಸಿದ್ದೇನೆ.
ಹೆಬ್ಬೆರಳು ಸರಿ ಬಂದಿಲ್ಲ.