ಉಬ್ಬು

ಮೂರು ಮಿಲಿಮೀಟರಿನ ವಜ್ರದ ಚೂರು.
ಒಗ್ಗರಣೆಗೆ ಬಿದ್ದರೆ ಬೇಳೆಯೆಂದು ಕಡಿದು
ಹಲ್ಲು ಕಳಕೊಳ್ಳಬಹುದು, ಅಷ್ಟೇ.
ಅದಕ್ಕೆ ಹೀಲಿಯಂ ಅಯಾನು ಹೊಡೆದು
ಜಾಲಹಳ್ಳಿಯ ಲ್ಯಾಬಿನಿಂದ ಆರೋಗ್ಯಸ್ವಾಮಿ ಫೋನು:
"ಮೇಡಂ, ಮೇಲ್ಮೈ ಎದ್ದಿದೆ. ನೂರಾ ನಲವತ್ತು ನ್ಯಾನೋಮೀಟರ್."
ನನ್ನ ಮಾದರಿ ಹೇಳಿದ್ದು ಇನ್ನೂರ ಹತ್ತು.

ಒಳಹೊಕ್ಕಾಗ ಅಯಾನು ಬಲು ಸಭ್ಯ.
ಎಲೆಕ್ಟ್ರಾನುಗಳ ಭುಜ ಸವರಿಕೊಂಡು
ಇಂಗಾಲದ ಸಾಲುಗಳ ನಡುವೆ ಜಾರುತ್ತದೆ,
ಆ ವೇಗದಲ್ಲಿ ಯಾರಿಗೂ ಅಷ್ಟಾಗಿ ನೋವಿಲ್ಲ.
ಮೂರು ಮೈಕ್ರಾನು ಆಳದಲ್ಲಿ
ಓಟ ಮುಗಿಯುತ್ತ ಬಂದಾಗ, ಸುಸ್ತಾದಾಗ,
ಆಗ ಮುರಿಯುತ್ತದೆ:
ಪರಮಾಣುವೊಂದನ್ನು ಕೂತಲ್ಲಿಂದ ಎಬ್ಬಿಸಿ
ಆ ಖಾಲಿ ಜಾಗದಲ್ಲಿ ತಾನೂ ಕೂರದೆ
ಪಕ್ಕದಲ್ಲೆಲ್ಲೋ ನಿಂತುಬಿಡುತ್ತದೆ.

ನಮ್ಮಪ್ಪ ಬಿಟಿಎಸ್ ಕಂಡಕ್ಟರು.
ಶಿವಾಜಿನಗರದಿಂದ ಯಶವಂತಪುರಕ್ಕೆ ದಿನಕ್ಕೆ ಎಂಟು ಸಲ
"ಸ್ವಲ್ಪ ಮುಂದಕ್ಕೆ ಹೋಗಿ ತಾಯಿ", "ಚಿಲ್ಲರೆ ಕೊಡಿ ಸ್ವಾಮಿ."
ಬೈದವರಿಗೂ ನಕ್ಕು ರೈಟ್ ರೈಟ್ ಅಂದವರು
ರಾತ್ರಿ ಹತ್ತಕ್ಕೆ, ಮತ್ತಿಕೆರೆಯ ಎರಡು ಕೋಣೆಯಲ್ಲಿ,
ಸಾರು ತಣ್ಣಗಿದೆಯೆಂದು ತಟ್ಟೆ ಎಸೆದರು.
ತಟ್ಟೆ ಇನ್ನೂ ಇದೆ. ನಡುವೆ ಉಬ್ಬು.
ಮಜ್ಜಿಗೆ ಹಾಕಿದರೆ ಅಂಚಿಗೆ ಓಡುತ್ತದೆ.

ಹೋಲಿಕೆ ಬೇಡ. ಹೋಲಿಕೆಯಿಂದ ಸಮೀಕರಣ ಬಗೆಹರಿಯುವುದಿಲ್ಲ.

ಮುರಿದ ಪದರಕ್ಕೆ ಹಿಗ್ಗಲು ಜಾಗ ಬೇಕು.
ಸುತ್ತ ಮುರಿಯದ ವಜ್ರ ಬಿಗಿಹಿಡಿದಿದೆ,
ಹಾಗಾಗಿ ಮೇಲಕ್ಕೆ, ಮೇಲಿನ ಗಟ್ಟಿ ಚಪ್ಪಡಿ ಹೊತ್ತುಕೊಂಡೇ,
ಮಲ್ಲೇಶ್ವರದ ಫುಟ್‌ಪಾತಿನಲ್ಲಿ
ಮಳೆಮರದ ಬೇರು ಕಲ್ಲೆತ್ತಿದ ಹಾಗೆ.
(ಬೇಡ ಅಂದವಳು ನಾನೇ.)

ಬೆಳಗಿನ ಜಾವ ತಪ್ಪು ಸಿಕ್ಕಿತು.
ಪೆಟ್ಟಿಗೊಂದು ಗಾಯ ಎಂದು ಸುಮ್ಮನೆ ಕೂಡಿಸುತ್ತಿದ್ದೆ.
ಒಂದು ಮಿತಿ ದಾಟಿದ ಮೇಲೆ
ಹೊಸ ಪೆಟ್ಟಿಗೆ ಮುರಿಯಲು ಉಳಿದಿರುವುದೇ ಕಡಿಮೆ;
ಎದ್ದ ಕೆಲವು ಪರಮಾಣು ಹಳೆಯ ಗುಳಿಗೇ ಮರಳುತ್ತವೆ.
ಅಮ್ಮ ಒಮ್ಮೆ ಅಂದಿದ್ದಳು,
"ಆಮೇಲಾಮೇಲೆ ಏನೂ ಅನ್ನಿಸ್ತಿರಲಿಲ್ಲ ಕಣೇ."
ಗೆರೆ ನೆಟ್ಟಗೆ ಏರದೆ ಬಾಗಿತು.
ನೂರಾ ನಲವತ್ತಮೂರು.

"ಇನ್ನು ಕಾಯಿಸೋಣವಾ ಮೇಡಂ, ಒಂಬೈನೂರು ಡಿಗ್ರಿಗೆ?"
ಗಾಯ ಒಂದು ಮಟ್ಟದೊಳಗಿದ್ದರೆ
ಶಾಖಕ್ಕೆ ಮತ್ತೆ ವಜ್ರವಾಗುತ್ತದೆ.
ದಾಟಿದ್ದರೆ ಪೆನ್ಸಿಲಿನ ಸೀಸ.
ಆ ಮಟ್ಟ ಎಲ್ಲಿ ಎಂಬುದಕ್ಕೆ
ಒಬ್ಬೊಬ್ಬರು ಒಂದೊಂದು ಸಂಖ್ಯೆ ಕೊಡುತ್ತಾರೆ.
ನನ್ನ ಮಾದರಿ ಸುಮ್ಮನಿದೆ.

ಕಾಯಿಸಿ, ಎಂದೆ.

ಅಮ್ಮ ತಟ್ಟೆ ತಂದಿಟ್ಟಳು, ಅದೇ ತಟ್ಟೆ.
ಎರಡು ಇಡ್ಲಿ, ಚಟ್ನಿ,
ಉಬ್ಬು ತಪ್ಪಿಸಿ,
ನೋಡದೆಯೇ.