ಪ್ರೈವೇಟ್ ನಂಬರು

ವಾಡಿ ಜಂಕ್ಷನ್ನಿನ ಆಚೆ ಒಂದು ಗೇಟು,
ಒಂದು ಬೇವಿನ ಗಿಡ, ಒಂದು ಕೊಡ, ಒಂದು ಫೋನು.
ನಾನು ಚಂದ್ರಭಾಗಾ. ನಲವತ್ತೊಂಬತ್ತು ನಡದದ.
ರಾತ್ರಿ ಪಾಳಿ.

ಮೂರು ಗಂಟೆಗೆ ಎದಿ ಹೊಡಕೊಳ್ತದ.
ಗಾಡಿ ಇಲ್ಲ, ಫೋನಿಲ್ಲ, ಕಳ್ಳರಿಲ್ಲ,
ಆದರೂ ಕುತ್ತಿಗಿಯಿಂದ ಬೆವರಿಳದು
ಕುಪ್ಪಸ ಹಿಂಡೋ ಹಂಗಾಗ್ತದ.
ಬಿಸಿಲಿಂದು ಅನ್ಕೊಂಡಿದ್ದೆ.
ಕಲಬುರಗಿ ಜಿಲ್ಲಾದಾಗ ಹುಟ್ಟಿದಾಕಿ
ಬಿಸಿಲಿನ ಮ್ಯಾಲ ಅನುಮಾನ ಪಡಬಾರದು, ಬೈಬೇಕು.
ಬೈದೆ. ಎಳ್ಳಮಾಸಿ ಬಂತು,
ಸಜ್ಜಿ ಕಡಬಿನ ಥಂಡಿಯೊಳಗೂ ಅದೇ ಬೆಂಕಿ.

ನರ ವೀಕ್ ಆಗ್ಯಾವ, ಅಂದಳು ನೆಗೆಣ್ಣಿ.
ಅತ್ತಿ ಮೆಣಸಿನಕಾಯಿ ಇಳಿ ತೆಗದಳು.
ಘಾಟು ಬಂತು, ಅಂದರ ದೃಷ್ಟಿ ಅಲ್ಲ, ಅಂದು ಕೆಮ್ಮಿದಳು.

ರೈಲ್ವೆ ದವಾಖಾನಿಯ ಇಸ್ಮತ್ ಡಾಕ್ಟರಮ್ಮ
ರಕ್ತದ ಚೀಟಿ ನೋಡಿ ಕೇಳಿದಳು:
ಫೋನ್ ಬಂದ ಎಷ್ಟೊತ್ತಿಗೆ ಗಾಡಿ ಬರ್ತದ?
ಮೇಲ್ ಆದರ ಐದು ನಿಮಿಷರಿ.
ಕಲ್ಲಿದ್ದಲ ಗೂಡ್ಸಾದರ ಅದರ ಮನಸು.
ಬಂದರ ಲಗೂ ಹೋಗಂಗಿಲ್ಲ,
ಹೋದ ಮ್ಯಾಲೂ ಹಳಿ ಬಿಸಿ ಇರ್ತದ.

"ಫೋನು ನಿನ್ನ ನರ. ಗೂಡ್ಸು ಹಾರ್ಮೋನು.
ಎರಡೂ ಈಗ ಮಾತು ಬಿಟ್ಟಾವ.
ಗಾಡಿ ಇಲ್ಲದ ಫೋನು ಹೊಡೀತದ,
ಫೋನಿಲ್ಲದ ಗಾಡಿ ನುಗ್ತದ."

ಯಾರ ತಪ್ಪು, ಕೇಳಿದೆ.
ಇಲಾಖೆಯೊಳಗ ಮೊದಲು ಅದನ್ನೇ ಕೇಳ್ತಾರ.
ನಕ್ಕಳು. ಗುಳಗಿ ಬರದಳು, ನಿದ್ದಿ ಬರದಳು,
ಪಾಳಿ ಬದಲಿಸಲಿಕ್ಕ ಸಾಹೇಬರಿಗೊಂದು ಚೀಟಿ ಬರದಳು.
ಸಾಹೇಬರು ಚೀಟಿ ಇಟ್ಕೊಂಡಾರ.

ಅಲ್ಲೀತನಕ ನಾ ಕಂಡುಕೊಂಡದ್ದು ಇಷ್ಟ:
ಹಸಿರು ಬತ್ತಿ ಹಿಡದು ನಿಂತಾಗ
ನಾಕು ಡಬ್ಬಿಗೆ ಉಸಿರು ಒಳಗ,
ಎಂಟು ಡಬ್ಬಿಗೆ ಹೊರಗ.
ಐವತ್ತೆಂಟು ಡಬ್ಬಿ. ಕಡೀ ಡಬ್ಬಿಯ ಕೆಂಪು ದೀಪ
ಶಹಾಬಾದಿನ ಕಡೆ ಸಣ್ಣದಾಗ್ತ ಹೋದಂಗ
ಎದಿ ತನ್ನ ಜಾಗಕ್ಕ ಬಂದು ಕೂಡ್ತದ.
ಎಲ್ಲಾ ರಾತ್ರಿ ಅಲ್ಲ.

ಈಗ ಮತ್ತ ಫೋನು.
ಗೇಟ್ ಬಂದ್ ಮಾಡು, ಪ್ರೈವೇಟ್ ನಂಬರ್ ಕೊಡು.
ಹಾಳಿಯಾಗಿನ ನಂಬರ್ ಕೊಟ್ಟೆ, ರಿಜಿಸ್ಟರಿನಾಗ ಬರದೆ.
ಆಮ್ಯಾಲ ಮುಂಗೈ ಮ್ಯಾಲ ಎರಡು ಬೆರಳಿಟ್ಟು
ಒಂದು ನಿಮಿಷ ಗಡಿಯಾರ ನೋಡಿದೆ.
ಅದೇ ಸಾಲಿನ ಅಂಚಿಗೆ, ಪೆನ್ಸಿಲ್ಲಿನಿಂದ,
ಯಾವ ಸ್ಟೇಷನ್ನೂ ಕೇಳದ ನಂಬರು:
ಎಂಬತ್ತೆಂಟು.
ನಿನ್ನೆ ನೂರಾ ನಾಕಿತ್ತು.