ಜೋಳ ತಿನ್ನದ ಮೀನು

ಕಂಪ್ಲಿಯಿಂದ ಲಾರಿ ಹೊರಟಾಗ
ಹುಲಿಗೆಮ್ಮನ ಮಡಿಲಲ್ಲಿ ರೊಟ್ಟಿಯ ಹಂಚು,
ನನ್ನ ಮೊಣಕಾಲುಗಳ ನಡುವೆ
ಗೋಣಿತಾಟು ಸುತ್ತಿದ ಅಪ್ಪನ ಕೋವಿ.
ಮಂಚದ ಕಾಲಿಗೆ ಕಟ್ಟಿದ ಮೂರು ಗಾಳದ ಕೋಲು,
ಚಿತ್ರದುರ್ಗ ದಾಟುವಾಗ ಒಂದು ಮುರಿಯಿತು.

ಪಾಂಡವಪುರ.
ಕಾರ್ಖಾನೆಯ ಬಾಯ್ಲರು ಅದೇ,
ಕಬ್ಬಿನ ಸಿಪ್ಪೆಯ ಹುಳಿ ವಾಸನೆ ಅದೇ,
ಮಿಕ್ಕದ್ದೆಲ್ಲ ಬೇರೆ.
ಕಾಲುವೆ ಇಲ್ಲಿ ನಾಲೆ.
ಹರಿಗೋಲು ಅಂದರೆ ತೆಪ್ಪವಾ ಎನ್ನುತ್ತಾರೆ.
"ಎಲ್ಲಿಗೆ ಹೊಂಟ್ರಿ" ಅಂದರೆ ಸಾಕು,
ಟೀ ಅಂಗಡಿಯ ಹುಡುಗರು ಅದನ್ನೇ ತಿರುಗಿಸಿ ಹೇಳಿ ನಗುತ್ತಾರೆ.
ನನಗೂ ನಗು ಬರುತ್ತದೆ, ಒಂದು ಗುಟುಕು ತಡವಾಗಿ.

ಠಾಣೆಯ ರೈಟರು ಲೈಸೆನ್ಸಿನ ಪುಸ್ತಕ ತಿರುವಿ
"ಇದು ಆ ಜಿಲ್ಲೇದು" ಎಂದರು,
ಚಲಾವಣೆ ನಿಂತ ನೋಟು ಹಿಡಿದ ಹಾಗೆ.
ಇಲ್ಲಿಯ ಕಾಗದ ಆಗುವ ತನಕ ಕೋವಿ ಇಲ್ಲೇ ಇರಲಿ.
ಹಿಡಿಗೆ ದಾರ ಬಿಗಿದು ಚೀಟಿ ಕಟ್ಟಿದರು:
ನಂಬರು ಹದಿನೇಳು.
ಅಪ್ಪ ಎಣ್ಣೆ ತಿಕ್ಕಿ ತಿಕ್ಕಿ ಕಪ್ಪಾದ ಮರ
ಕದ್ದ ಸೈಕಲ್ಲುಗಳ ಪಕ್ಕ ಒರಗಿತು.

ಗಾಳಕ್ಕೆ ಯಾರೂ ಲೈಸೆನ್ಸು ಕೇಳಲಿಲ್ಲ.
ಭಾನುವಾರ ನಾಲೆಯ ಏರಿಯ ಮೇಲೆ ಕೂತೆ.
ಜೋಳದ ಹಿಟ್ಟು, ಚೂರು ಬೆಲ್ಲ, ಚಿಟಿಕೆ ಇಂಗು,
ತುಂಗಭದ್ರೆಯಲ್ಲಿ ಎಂದೂ ಸೋಲದ ಉಂಡೆ.
ಬೆಂಡು ಅಲ್ಲಾಡಲಿಲ್ಲ.
ಎರಡನೆಯ ಭಾನುವಾರ. ಮೂರನೆಯದು.
ಬೆಂಡಿನ ಮೇಲೆ ಏರೋಪ್ಲೇನ್ ಚಿಟ್ಟೆ ಬಂದು ಕೂತು
ರೆಕ್ಕೆ ಬಾಗಿಸಿ ನಿದ್ದೆ ಹೋಯಿತು.

ನಾಲ್ಕನೆಯದಕ್ಕೆ, ತೂಬಿನ ಕಟ್ಟೆಯಿಂದ ಅಂಕಯ್ಯ,
ಅಲ್ಲಿಯವರೆಗೂ ಒಂದು ಮಾತು ಆಡದವನು:
"ನಮ್ ಮೀನು ಜ್ವಾಳ ಕಂಡಿಲ್ಲ ಕಣಣ್ಣ.
ಮುದ್ದೆ ಕಟ್ಟು."

ಹುಲಿಗೆಮ್ಮ ಮುದ್ದೆ ತೊಳಸುವುದು ಕಲಿತಳು,
ಮೊದಲು ಮೀನಿಗೆ, ಆಮೇಲೆ ನಮಗೆ.
ಹಿಟ್ಟಿನಲ್ಲಿ ಗಂಟು, ಅಂಗೈಯಲ್ಲಿ ಬೊಬ್ಬೆ,
"ನಿನ್ನ ಮೀನಿನ ಮನಿ ಹಾಳಾಗ" ಎಂದು ಬೈದಳು.
ಸಂಜೆಗೆ ಅಂಗೈಯಗಲದ ಎರಡು ಜಿಲೇಬಿ, ಒಂದು ಗೆಂಡೆ.
ಗೆಂಡೆಯನ್ನು ಅಂಕಯ್ಯನ ಮನೆಗೆ ಕೊಡಲು ಹೋದರೆ
ಕೂರಿಸಿ, ಅದನ್ನೇ ಸಾರು ಮಾಡಿ, ನನಗೇ ಬಡಿಸಿದರು.
"ಅಗೀಬ್ಯಾಡ, ನುಂಗು" ಎಂದಳು ಅವನ ಮುದಿ ತಾಯಿ.
ನುಂಗಿದೆ.
ಗಂಟಲಲ್ಲಿ ಗಾಳದ ಮೊನೆಗಾಗಿ ಕಾದೆ.

ಬೇಟೆಯ ಆಸೆ ಮಾತ್ರ
ಹಾಗೆ ನುಂಗಿದರೆ ಇಳಿಯುವುದಲ್ಲ.
ನಾಲೆಗೆ ನೀರು ನಿಲ್ಲಿಸಿದ ವಾರ
ಕುಂತಿಬೆಟ್ಟಕ್ಕೆ ನಡೆದೆ.
ಒಂದರ ಮೇಲೊಂದು ಬಂಡೆ,
ಯಾರೋ ನಮ್ಮ ಕಡೆಯ ಗುಡ್ಡದಿಂದ ಒಂದು ಬೊಗಸೆ ತಂದು
ಇಲ್ಲಿ ಸುರಿದು ಮರೆತು ಹೋದಂತೆ.
ಅಲ್ಲಿ ವಾಲಿ ಓಡಾಡಿದ ಎನ್ನುತ್ತೇವೆ, ಇಲ್ಲಿ ಭೀಮ;
ಬಂಡೆಗೇನು, ಬಿಸಿಲು ಒಂದೇ.

ಲಂಟಾನದ ಒಳಗಿಂದ ಕೌಜುಗ ಕೂಗಿತು.
ಬಲಗೈಯ ತೋರುಬೆರಳು ತಾನಾಗಿ ಬಾಗಿತು.
ಕುಕ್ಕರಗಾಲಲ್ಲಿ ಕೂತು, ಅಪ್ಪ ಕಲಿಸಿದಂತೆ
ನಾಲಗೆ ಮಡಚಿ ಹೆಣ್ಣಿನ ದನಿ ತೆಗೆದೆ.
ಬಂತು.
ನಿಂತು ನಿಂತು, ಅನುಮಾನದಿಂದ, ಕತ್ತು ಚಾಚಿ,
ಎಂಟು ಮಾರು, ಐದು ಮಾರು, ಮೂರು.
ಈ ಊರಿಗೆ ಬಂದ ಮೇಲೆ ನನ್ನ ಮಾತನ್ನು
ಎರಡನೆಯ ಸಲ ಹೇಳಿಸದೆ ತಿಳಿದುಕೊಂಡದ್ದು ಇದೊಂದೇ.
ಕೈಯಲ್ಲಿ ಬಲೆಯಿಲ್ಲ, ಕೋವಿಯಿಲ್ಲ,
ಜೇಬಿನಲ್ಲಿ ಅರ್ಧ ಕಟ್ಟು ಬೀಡಿ.
ಇದ್ದಿದ್ದರೆ ಹೊಡೆಯುತ್ತಿದ್ದೆ, ಸುಳ್ಳು ಏಕೆ ಹೇಳಲಿ.
ಅದು ನನ್ನನ್ನು ಪೂರ್ತಿ ನೋಡಿತು,
ಹೆಣ್ಣಲ್ಲವೆಂದು ಮನವರಿಕೆಯಾಗಿ
ಹಾರಲಿಲ್ಲ, ನಡೆದೇ ಹೋಯಿತು.

ಆಷಾಢದಲ್ಲಿ ಪೇದೆ ಬೈಕಿನಲ್ಲಿ ಬಂದ.
ಕಾಗದ ಆಗಿದೆಯಂತೆ, ಹದಿನೇಳನ್ನು ಬಿಡಿಸಿಕೊಳ್ಳಬಹುದಂತೆ.
ಆಗಲಿ ಎಂದೆ.
ಅವತ್ತೇ ನಾಲೆಗೆ ನೀರು ಬಿಟ್ಟಿದ್ದರು.
ಕೆಂಪು ನೀರು, ಅದರ ಮುಂದೆ ನೊರೆ,
ನೊರೆಯ ಮುಂದೆ ಓಡುವ ಐಕಳು,
ತೂಬಿನ ಹತ್ತಿರ ಅಂಕಯ್ಯ ಟವೆಲ್ಲು ಬೀಸುತ್ತಿದ್ದ.
ಒಳಗೆ ಕೂಗಿ ಹೇಳಿದೆ, ಹುಲಿಗೆಮ್ಮಾ,
ಮುದ್ದಿ ಸ್ವಲ್ಪ ಗಟ್ಟಿ ಇರ್ಲಿ.